ಗುರುಸಿದ್ಧಪ್ಪ ಓದದ ಸಾಲು

ಮಿರಜೆಯ ಗುತ್ತಿಗೆದಾರ ಗುರುಸಿದ್ಧಪ್ಪನಿಗೆ ಬೇರೆಯವರು ಕಟ್ಟಿದ ಗೋಡೆಯನ್ನು ಸುಮ್ಮನೆ ದಾಟಿಹೋಗುವ ವಿದ್ಯೆ ಜನ್ಮದಲ್ಲೇ ಸಿದ್ಧಿಸಿರಲಿಲ್ಲ. ಹೊಸ ಗೋಡೆ ಕಂಡರೆ ಅಂಗೈ ಹಚ್ಚಿ, ಒಂದು ಕಣ್ಣು ಮುಚ್ಚಿ ಅದರ ಅಂಚನ್ನು ದಿಟ್ಟಿಸಿ, ಏನಾದರೊಂದು ಕೊರತೆ ಸಿಕ್ಕ ಮೇಲಷ್ಟೇ ಆ ನೀಳ ದೇಹ ಮುಂದೆ ಸರಿಯುತ್ತಿತ್ತು. ಬಿರುಬಿಸಿಲಲ್ಲೂ ತೊಡುತ್ತಿದ್ದ ಕರಿ ಕೋಟಿನ ಬಲತೋಳು ಹೀಗಾಗಿ ಸದಾ ಸುಣ್ಣ ಬಳಿದುಕೊಂಡಿರುತ್ತಿತ್ತು. ಆ ಗೋಡೆ ಹಳೆಯ ಶಿಷ್ಯ ಪಾರಿಸನದಾಗಿದ್ದರಂತೂ ಕೇಳುವುದೇ ಬೇಡ, ರಸ್ತೆ ದಾಟಿ ಹೋಗಿ ಮುಟ್ಟಿ ಬರುತ್ತಿದ್ದ. ಕೊರತೆ ಸಿಗದಿದ್ದರೆ ಅಂದು ಊಟ ಸೇರುತ್ತಿರಲಿಲ್ಲ.

ಪಾರಿಸ ಅವನ ಕೈಕೆಳಗೆ ಎಂಟು ವರ್ಷ ದುಡಿದು, ಪಳಗಿ, ಬೇರೆಯಾದವನು. ತೊಂಬತ್ತರ ದಶಕದ ನಡುವೆ ಕುಪವಾಡದ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ತಿಂಗಳಿಗೊಂದು ಶೆಡ್ ಏಳತೊಡಗಿದಾಗ ಹೊಸ ಮಾಲೀಕರೆಲ್ಲ ಪಾರಿಸನ ಟೈಪು ಮಾಡಿದ ಕೊಟೇಶನ್ನಿಗೆ ಮರುಳಾದರು. ಗುರುಸಿದ್ಧಪ್ಪನ ವ್ಯವಹಾರವೆಲ್ಲ ಬಾಯಿಮಾತಿನದು. ಮಾಲೀಕನ ಮನೆಯಲ್ಲಿ ಚಹಾ ಕುಡಿದು ಎಲೆಯಡಿಕೆ ಹಾಕಿಕೊಂಡರೆ ಕರಾರು ಆದಂತೆಯೇ. ಸಹಿ ಇದ್ದರೂ ಸ್ಟ್ಯಾಂಪ್ ಇಲ್ಲದ ಕಾಗದ ಕಿರಾಣಿ ಕಟ್ಟುವುದಕ್ಕಷ್ಟೇ ಯೋಗ್ಯ ಎಂಬುದು ಅವನ ಅಚಲ ಸಿದ್ಧಾಂತ. ಶಿಷ್ಯನ ಏಳಿಗೆ ಕಂಡು ಅವನಿಗೆ ಹೊಟ್ಟೆಕಿಚ್ಚಾಯಿತು. ಮುಚ್ಚುಮರೆಯೇಕೆ, ಧಗಧಗ ಉರಿಯುವಷ್ಟು ಆಯಿತು.

ಅರಿಸಿನದ ವ್ಯಾಪಾರಿ ಭರಮಣ್ಣ ಪುಡಿ ಮಾಡುವ ಕಾರ್ಖಾನೆಗೆ ಶೆಡ್ ಕಟ್ಟಿಸಲು ಹೊರಟವನು, ಪಾರಿಸನ ಕೊಟೇಶನ್ ತೋರಿಸಿ, ನೀವೂ ಹೀಗೇ ಬರೆದುಕೊಡಿ ಎಂದ. ಗುರುಸಿದ್ಧಪ್ಪ ಆ ಕಾಗದವನ್ನೇ ಇಸಿದುಕೊಂಡು ಸ್ಟೇಶನ್ ಬಳಿಯ ಟೈಪಿಸ್ಟನಿಗೆ ಕೊಟ್ಟು, ಮೇಲಿನ ಹೆಸರು, ಕೆಳಗಿನ ದರ ಬದಲಿಸು, ನಡುವೆ ಕೈ ಹಚ್ಚಬೇಡ ಎಂದು ತಾಕೀತು ಮಾಡಿದ. ನಡುವೆ ಏನಿದೆಯೆಂದು ಓದಲಿಲ್ಲ. ಓದಲು ಬಾರದೆಂದಲ್ಲ, ಪಾರಿಸನ ಮಾತನ್ನು ಸಾಲುಸಾಲಾಗಿ ಓದಿದರೆ ಅವನನ್ನು ಹೊಗಳಿದಂತಾಗುತ್ತದೆ ಎನಿಸಿತ್ತು. ಕಡಿಮೆ ದರ ಹಾಕಿ, ತಾನೂ ಸಹಿ ಮಾಡಿ, ಭರಮಣ್ಣನಿಂದಲೂ ಮಾಡಿಸಿ, ಕೆಲಸ ಕಸಿದುಕೊಂಡ ಆ ವಾರ ಅವನ ನಡಿಗೆಯೇ ಬೇರೆಯಾಗಿತ್ತು.

ಗೋಡೆಗಳು ಎದ್ದವು. ಛಾವಣಿ ಹೊರುವ ಕಬ್ಬಿಣದ ಚೌಕಟ್ಟು, ಅಂದರೆ ಟ್ರಸ್, ಏರಿಸಿದ ದಿನ ಭರಮಣ್ಣ, ಪಾರಿಸ ಎಷ್ಟು ಹೊತ್ತಿಗೆ ಬರುತ್ತಾನೆಂದು ಕೇಳಿದ. ಕಾಗದದ ನಡುವೆ ಸ್ಪಷ್ಟವಾಗಿಯೇ ಇತ್ತು: ಟ್ರಸ್ಸನ್ನು ಪಾರಿಸ ಖುದ್ದು ಪರೀಕ್ಷಿಸತಕ್ಕದ್ದು, ಅವನು ಒಪ್ಪದೆ ತಗಡು ಹೊದಿಸತಕ್ಕದ್ದಲ್ಲ. ಗುರುಶಿಷ್ಯರು ಮತ್ತೆ ಒಂದಾದರೆಂದು ಖುಷಿಪಟ್ಟೇ ಭರಮಣ್ಣ ಸಹಿ ಹಾಕಿದ್ದ. ಈಗ ಪಾರಿಸ ಬಾರದೆ ಒಂದು ತಗಡೂ ಏರಕೂಡದೆಂದು ಹಟ ಹಿಡಿದ.

ಗುರುಸಿದ್ಧಪ್ಪ ಸಾಂಗಲಿಗೆ ಓಡಿ, ವಕೀಲೆ ಶಾಲನಬಾಯಿಯವರ ಮೇಜಿನ ಮೇಲೆ ಕಾಗದ ಒಗೆದು, ಇದು ಬರೀ ಕೊಟೇಶನ್, ಸ್ಟ್ಯಾಂಪಿಲ್ಲ, ನನ್ನನ್ನು ಕಟ್ಟಿಹಾಕದು ಎಂದು ವಾದಿಸಿದ. ಅವರು ಎರಡು ಸಲ ಓದಿದರು.

“ಕಾಕಾ, ಏನ ಕೆಲಸ ಅಂತ ಐತಿ, ದರ ಐತಿ, ಒಪ್ಪೇವಂತ ಇಬ್ಬರ ಸಹೀನೂ ಅದಾವ. ಮ್ಯಾಲ ಕೊಟೇಶನ್ ಅಂತ ಬರದ್ರೇನಾತ್ರಿ? ಇದು ಕರಾರನ. ಸ್ಟ್ಯಾಂಪ್ ಇಲ್ಲಂತ ಬಿಡಿಸ್ಕೊಳ್ಳಾಕ ಬರೂದಿಲ್ಲ.”

ಕೆಲಸ ಬಿಟ್ಟರೆ ಶೆಡ್ ಪಾರಿಸನ ಪಾಲಾಗುತ್ತದೆ. ಉಳಿಸಿಕೊಳ್ಳಬೇಕೆಂದರೆ ಪಾರಿಸನನ್ನೇ ಕರೆಯಬೇಕು. ಎರಡು ದಿನ ಒದ್ದಾಡಿ, ಮೂರನೆಯ ದಿನ ಮಾಧವನಗರದ ಅವನ ಮನೆಗೆ ಹೋದ, ಕುಂದ್ರಿ ಅಂದರೂ ಕೂರಲಿಲ್ಲ, ನಾಳೆ ಬಾ ಎಂದಷ್ಟೇ ಅಂದು ತಿರುಗಿದ.

ಪಾರಿಸ ಬಂದ. ಮೇಲೇರಿ ಬೋಲ್ಟ್ ಬೋಲ್ಟನ್ನೂ ಮುಟ್ಟಿ ನೋಡಿದ. ಕೆಳಗೆ ನಿಂತ ಗುರುಸಿದ್ಧಪ್ಪ, ಇವನೊಂದು ತಪ್ಪು ತೆಗೆಯಲಿ, ಮನಸಾರೆ ಬೈದು ಹಗುರಾಗುತ್ತೇನೆ ಎಂದು ಕಾಯುತ್ತಿದ್ದ. ಪಾರಿಸ ಇಳಿದು ಬಂದು ಕೈ ಒರೆಸಿಕೊಂಡ.

“ನನ್ನ ಕೈಲೆ ಇಷ್ಟ ನೆಟ್ಟಗ ಆಗೂದಿಲ್ರಿ ಕಾಕಾ. ಎಂಟ ವರ್ಷ ನಿಮ್ಮ ಬಾಜೂಕ ನಿಂತ ನೋಡೇನಿ, ಇನ್ನೂ ಬಂದಿಲ್ಲ.”

ಗುರುಸಿದ್ಧಪ್ಪ ಮುಖ ತಿರುಗಿಸಿ, ತಗಡು ಹೊರುತ್ತಿದ್ದವರ ಮೇಲೆ ಕಾರಣವಿಲ್ಲದೆ ರೇಗಿದ. ಇಂಥವರು ಎಲ್ಲ ಊರಲ್ಲೂ ಇರುತ್ತಾರೆ. ಲೋಕವೆಲ್ಲ ಹೊಗಳಿದರೂ ಅವರಿಗೆ ಸಾಲದು, ಬೇಕಾದದ್ದು ಒಬ್ಬನೇ ಒಬ್ಬನ ಮೆಚ್ಚುಗೆ; ಆ ಒಬ್ಬನನ್ನೇ ಜನ್ಮವಿಡೀ ದ್ವೇಷಿಸುತ್ತಾರೆ. ಕೊನೆಗೊಮ್ಮೆ ಆ ಮೆಚ್ಚುಗೆ ತಾನಾಗಿ ಎದುರು ಬಂದು ನಿಂತಾಗ, ಅದನ್ನು ತೆಗೆದುಕೊಳ್ಳುವುದು ಹೇಗೆಂದು ಅವರಿಗೆ ಗೊತ್ತಿರುವುದಿಲ್ಲ.