ವಿಮಾನದ ಗುರುತು

ಆ ಹನ್ನೆರಡು ಅಂತಸ್ತಿನ ಆಫೀಸು ಕಟ್ಟಡದಲ್ಲಿ ಕಸ ಗುಡಿಸಿ ನೆಲ ಒರೆಸುವ ಹೆಂಗಸರಿಗೆ ಹೆಸರಿರಲಿಲ್ಲ, ಮಹಡಿ ಇತ್ತು. ಐದನೇ ಮಹಡಿಯವಳು ಐದು, ಎಂಟನೇ ಮಹಡಿಯವಳು ಎಂಟು. "ಎಂಟೂ, ಟಾಯ್ಲೆಟ್ಟಲ್ಲಿ ನೀರು ನಿಂತಿದೆ ನೋಡು" ಅಂದರೆ ಅವಳು ತಿರುಗುತ್ತಿದ್ದಳು. ನಾಲ್ಕು ವರ್ಷ ಹಾಗೆ ಕರೆಸಿಕೊಂಡರೆ ಮನುಷ್ಯರಿಗೆ ಎಲ್ಲವೂ ಅಭ್ಯಾಸವಾಗಿಬಿಡುತ್ತದೆ. ದುಡಿಸುವವರು ನೆಚ್ಚಿಕೊಂಡಿರುವುದೂ ಅದನ್ನೇ.

ಎಂಟನೇ ಮಹಡಿಯಲ್ಲಿ ನೂರಾ ಇಪ್ಪತ್ತು ಮೇಜು, ಮೇಜಿಗೆ ನಾಲ್ಕು ಪ್ಲಗ್ ಪಾಯಿಂಟು. ಅಷ್ಟೂ ಪಾಯಿಂಟುಗಳ ಧೂಳನ್ನು ದಿನಾ ಒಣ ಬಟ್ಟೆಯಲ್ಲಿ ಒರೆಸುವವಳು ಅವಳು. ಒಂದರಲ್ಲೂ ತನ್ನ ಫೋನು ಚುಚ್ಚುವ ಹಾಗಿರಲಿಲ್ಲ. ಹಿಂದಿನ ವರ್ಷ ಹನ್ನೊಂದನೇ ಮಹಡಿಯವಳು ಮೇಜಿನ ಕೆಳಗೆ ಹತ್ತು ನಿಮಿಷ ಚಾರ್ಜಿಗೆ ಹಾಕಿ ಸಿಕ್ಕಿಬಿದ್ದಿದ್ದಳು. ಗುತ್ತಿಗೆ ಕಂಪನಿಯವರು ಅದಕ್ಕೆ ಕೊಟ್ಟ ಹೆಸರು ಕರೆಂಟು ಕಳ್ಳತನ. ಮಾರನೇ ದಿನ ಹನ್ನೊಂದು ಅಂದಾಗ ಬೇರೆ ಯಾರೋ ತಿರುಗಿದರು.

ಫೋನನ್ನೇನು ಶೋಕಿಗೆ ಇಟ್ಟುಕೊಂಡಿರಲಿಲ್ಲ. ಹಾಜರಿ ಪುಸ್ತಕ ಎತ್ತಿಹಾಕಿ ಕಂಪನಿ ಒಂದು ಆ್ಯಪ್ ತಂದಿತ್ತು. ಬೆಳಿಗ್ಗೆ ಏಳಕ್ಕೆ, ಒಂಬತ್ತಕ್ಕೆ, ಹನ್ನೊಂದಕ್ಕೆ, ಮಧ್ಯಾಹ್ನ ಒಂದಕ್ಕೆ, ಮೂರಕ್ಕೆ ಅದರ ಮುಂದೆ ಮುಖ ತೋರಿಸಬೇಕು. ನಿಂತ ಜಾಗ ಯಾವುದೆಂದು ಅದೇ ಪತ್ತೆ ಮಾಡಿಕೊಳ್ಳುತ್ತದೆ. ಒಂದು ಸಲ ತಪ್ಪಿದರೆ ಅರ್ಧ ದಿನ ಗೈರು, ತಿಂಗಳಲ್ಲಿ ಮೂರು ಸಲ ತಪ್ಪಿದರೆ ಮನೆಗೆ. ಆ್ಯಪ್ ಕಂಪನಿಯದು, ಫೋನು ಕೆಲಸದವಳದು, ಬ್ಯಾಟರಿ ಕೆಲಸದವಳದು, ಬ್ಯಾಟರಿ ಮುಗಿದರೆ ತಪ್ಪೂ ಕೆಲಸದವಳದು. ಪವರ್ ಬ್ಯಾಂಕು ತಂದರೆ ಬೆಂಕಿ ಹೊತ್ತಿಕೊಳ್ಳುತ್ತದೆಂದು ಗೇಟಿನಲ್ಲೇ ಕಿತ್ತಿಟ್ಟುಕೊಳ್ಳುತ್ತಿದ್ದರು. ಇದನ್ನೆಲ್ಲ ಕಾಯಲು ಒಬ್ಬ ಸೂಪರ್‌ವೈಸರ್. ಮಾತಿಗೊಮ್ಮೆ ಮಣಿಕಟ್ಟು ನೋಡಿಕೊಳ್ಳುವ ಅವನಿಗೆ ಹೆಂಗಸರು ಗಡಿಯಾರ ಎಂದು ಹೆಸರಿಟ್ಟಿದ್ದರು.

ಎಂಟರ ಫೋನು ಇಬ್ಬರು ಬಳಸಿ ಬಿಟ್ಟ ಹಳೆಯ ಸರಕು. ಬೆಳಿಗ್ಗೆ ನೂರು ತೋರಿಸಿದ್ದು ಈಚೆಗೆ ಕೆಲವು ದಿನ ಮೂರಕ್ಕೆ ಮೊದಲೇ ಕಣ್ಣು ಮುಚ್ಚುತ್ತಿತ್ತು. ಆ ತಿಂಗಳ ಮೊದಲ ವಾರದಲ್ಲೇ ಎರಡು ಸಲ ಮಧ್ಯಾಹ್ನದ ಮುಖ ತಪ್ಪಿತ್ತು. ಮೂರನೆಯದು ತಪ್ಪುವ ಮೊದಲೇ ಅವಳು ಬೀದಿ ತಿರುವಿನ ರಿಪೇರಿಯವನ ಮುಂದೆ ನಿಂತಳು.

ಅವನು ಫೋನಿನ ಬೆನ್ನು ತೆಗೆದು, ಬ್ಯಾಟರಿಯ ಮೇಲೆ ಬೆರಳಾಡಿಸಿ, ಡಾಕ್ಟರ ಹಾಗೆ ಮುಖ ಮಾಡಿದ. "ಅಕ್ಕಾ, ಇದು ಉಬ್ಬೋಕೆ ಶುರುವಾಗಿದೆ."

"ಬೇರೆ ಹಾಕಪ್ಪ."

"ಎಲ್ಲಿಂದ ತರ್ಲಿ? ಈ ಮಾಡೆಲ್‌ಗೆ ಬ್ಯಾಟರಿ ಬರೋದೇ ನಿಂತುಹೋಗಿದೆ. ಇದನ್ನ ಮಾಡಿದೋರೇ ಮರ್ತುಬಿಟ್ಟಿದ್ದಾರೆ, ನೀವಿನ್ನೂ ಸಾಕ್ತಿದ್ದೀರಿ." ಆಮೇಲೆ ಅವಳ ಮುಖ ನೋಡಿ ಪಾಪವೆನ್ನಿಸಿತೇನೋ, ಸ್ಟೂಲು ಮುಂದಕ್ಕೆ ತಳ್ಳಿದ. "ಕೂತ್ಕೊಳ್ಳಿ. ಇರೋದನ್ನೇ ಉಳಿಸ್ಕೊಳ್ಳೋದು ಹೇಳ್ಕೊಡ್ತೀನಿ. ಬೆಳಕು ಇಷ್ಟು ಇಳಿಸಿ. ಇದು ನಡುಗೋದನ್ನ ನಿಲ್ಸಿ. ಹಿಂದುಗಡೆ ಓಡ್ತಿರೋ ಇವನ್ನೆಲ್ಲ ಮುಚ್ಚಿ. ಬಿಸಿ ತಾಗಿಸ್ಬೇಡಿ, ಬಿಸಿನೀರಿನ ಬಕೆಟ್ ಪಕ್ಕ ಅಂತೂ ಇಡ್ಲೇಬೇಡಿ. ಎಂಬತ್ತಕ್ಕೆ ಬಂದ ತಕ್ಷಣ ಚಾರ್ಜರ್ ಕಿತ್ತುಬಿಡಿ, ಬ್ಯಾಟರಿ ಬಾಳಿಕೆ ಬರುತ್ತೆ."

"ಎಂಬತ್ತಕ್ಕೆ ಕಿತ್ರೆ ಮೂರು ಗಂಟೆ ಮುಖಕ್ಕೆ ನೀನು ಬಂದು ನಿಂತ್ಕೋತೀಯಾ?"

ಅವನು ನಕ್ಕ. "ಹಾಗಾದ್ರೆ ಇನ್ನೊಂದೇ ದಾರಿ. ಇಲ್ಲಿ ವಿಮಾನದ ಚಿತ್ರ ಇದೆ ನೋಡಿ. ಒತ್ತಿದ್ರೆ ಫೋನು ಯಾರ ಸಹವಾಸಕ್ಕೂ ಹೋಗಲ್ಲ, ಚಾರ್ಜೂ ಇಳಿಯಲ್ಲ. ಮುಖ ತೋರ್ಸೋ ಹೊತ್ತಿಗೆ ತೆಗೀರಿ, ತೋರ್ಸಿ, ಮತ್ತೆ ಒತ್ತಿ. ಸಾಯಂಕಾಲಕ್ಕೂ ಉಳಿಯುತ್ತೆ."

"ಆ ಹೊತ್ತಲ್ಲಿ ಯಾರಾದ್ರೂ ಫೋನ್ ಮಾಡಿದ್ರೆ?"

"ಬರಲ್ಲ. ವಿಮಾನದಲ್ಲಿದ್ದೀರಿ ಅಂದ್ಕೊಳ್ಳಿ."

ಅವಳು ಫೋನನ್ನು ಎತ್ತಿಕೊಂಡಳು; ವಿಮಾನದ ಚಿತ್ರವನ್ನು ಅಲ್ಲೇ ಒತ್ತಲಿಲ್ಲ. ಯಾಕೆಂದರೆ ಮನೆಯಲ್ಲಿ ಅಮ್ಮ ಇದ್ದಳು.

ಇಸ್ತ್ರಿ ಅಂಗಡಿಯ ಮೇಲಿನ ಒಂದೇ ಕೋಣೆಯ ಮನೆ. ಅಮ್ಮನಿಗೆ ಉಬ್ಬಸ. ಉಸಿರು ಕಟ್ಟಿಕೊಂಡಾಗ ಔಷಧಿಯ ಪುಟ್ಟ ಟ್ಯೂಬು ಮುರಿದು, ಆವಿ ಕೊಡುವ ಮಷಿನ್ನಿಗೆ ಸುರಿದು, ಮುಖಕ್ಕೆ ಮಾಸ್ಕು ಹಿಡಿಯಬೇಕು. ಆ ಹೊತ್ತಿನಲ್ಲಿ ಟ್ಯೂಬಿನ ಕತ್ತು ಮುರಿಯುವಷ್ಟೂ ಕೈಬಲ ಅವಳಿಗೆ ಉಳಿಯುತ್ತಿರಲಿಲ್ಲ. ಅದಕ್ಕೇ ತಾಯಿ ಮಗಳ ನಡುವೆ ಒಂದು ಒಪ್ಪಂದ. ಅಮ್ಮನ ಬಟನ್ ಫೋನಿನಲ್ಲಿ ಎರಡನೇ ಗುಂಡಿ ಒತ್ತಿ ಹಿಡಿದರೆ ಮಗಳಿಗೆ ಹೋಗುತ್ತದೆ. ಒಂದು ಸಲ ರಿಂಗಾಗಿ ಕಟ್ಟಾದರೆ ಚೆನ್ನಾಗಿದ್ದೀನಿ ಅಂತ. ಬೆನ್ನುಬೆನ್ನಿಗೆ ಎರಡು ಸಲ ಬಂದರೆ ಬಾ ಅಂತ. ಬಾ ಅಂತ ಬಂದದ್ದು ಈವರೆಗೆ ಎರಡೇ ಸಲ. ಎರಡೂ ಸಲ ಎಂಟು ಮಹಡಿಯ ಮೆಟ್ಟಿಲು ಹಾರಿ, ಹನ್ನೆರಡು ನಿಮಿಷದ ದಾರಿ ಓಡಿ, ಮಾಸ್ಕು ಹಿಡಿದಿದ್ದಳು. ಎರಡೂ ಸಲ ಅಮ್ಮ ಉಳಿದಿದ್ದಳು. ಬಿಟ್ಟು ಬಂದ ಕೆಲಸವನ್ನು ಐದನೇ ಮಹಡಿಯವಳು ಗಡಿಯಾರಕ್ಕೆ ಗೊತ್ತಾಗದಂತೆ ಮುಗಿಸಿಕೊಟ್ಟಿದ್ದಳು.

ಅಂದು ಸಂಜೆ ಮಗಳು ವಿಮಾನದ ವಿಷಯ ತೆಗೆದಳು. ಅಮ್ಮ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದಳು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ.

"ನೋಡೇ ಪುಟ್ಟಿ, ಈ ಜನ್ಮಕ್ಕೆ ವಿಮಾನ ಇಲ್ಲ ಅಂದ್ಕೊಂಡಿದ್ದೆ. ಕಸಬರಿಕೆ ಸಮೇತ ಹತ್ತಿಬಿಟ್ಟೆಯಲ್ಲೇ!"

"ತಮಾಷೆ ಬೇಡಮ್ಮ. ಒಂಬತ್ತಕ್ಕೆ, ಹನ್ನೊಂದಕ್ಕೆ, ಒಂದಕ್ಕೆ, ಮೂರಕ್ಕೆ ಐದೈದು ನಿಮಿಷ ಫೋನು ತೆಗ್ದಿರ್ತೀನಿ. ಆವಾಗ್ಲೇ ರಿಂಗ್ ಕೊಡು. ಬೇರೆ ಹೊತ್ತಲ್ಲಿ ಬರಲ್ಲ."

ಅಮ್ಮ ಅಂದಳು: "ಆಯ್ತು ಬಿಡು. ಉಬ್ಬಸಕ್ಕೆ ಹೇಳಿಡ್ತೀನಿ. ಬರೋದಾದ್ರೆ ಹನ್ನೊಂದು ಗಂಟೆಗೆ ಸರಿಯಾಗಿ ಬಾರಪ್ಪ, ನನ್ನ ಮಗಳು ಆವಾಗ ನೆಲಕ್ಕಿಳಿದಿರ್ತಾಳೆ ಅಂತ."

ಇಬ್ಬರೂ ನಕ್ಕರು. ಮಗಳು ನಗುತ್ತಲೇ ಎದ್ದು ಹೋಗಿ ಪಾತ್ರೆ ತೊಳೆಯತೊಡಗಿದಳು. ನಲ್ಲಿಯನ್ನು ಬೇಕೆಂದೇ ಜೋರಾಗಿ ಬಿಟ್ಟಿದ್ದಳು.

"ಕೆಲಸ ಹೋದ್ರೆ ಔಷಧಿ ಎಲ್ಲಿಂದ ತರ್ಲಿ ಹೇಳಮ್ಮ" ಅಂದಳು, ಬೆನ್ನು ತಿರುಗಿಸಿಕೊಂಡೇ.

"ನಾನೇನಾದ್ರೂ ಅಂದ್ನಾ? ಹತ್ತು, ಹತ್ತು. ಕಿಟಕಿ ಪಕ್ಕದ ಸೀಟು ಹಿಡ್ಕೋ."

ಹದಿನೇಳು ದಿನ ಎಲ್ಲವೂ ಸರಿಯಾಗಿ ನಡೆಯಿತು. ಒಂಬತ್ತಕ್ಕೆ ಮುಖ, ಒಂದು ರಿಂಗು. ಹನ್ನೊಂದಕ್ಕೆ ಮುಖ, ಒಂದು ರಿಂಗು. ಗಡಿಯಾರ ಕೂಡ ಒಮ್ಮೆ "ಪರ್ವಾಗಿಲ್ವೇ ಎಂಟು, ಸುಧಾರಿಸಿದ್ದೀಯ" ಅಂದ. ಅವಳಿಗೆ ಖುಷಿಯಾಯಿತು. ಆ ಖುಷಿಯನ್ನು ನೆನೆದು ಆಮೇಲೆ ಅವಳು ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡದ್ದಿದೆ. ಆದರೆ ಆಗಿದ್ದನ್ನು ಆದ ಹಾಗೆ ಹೇಳಬೇಕು: ಖುಷಿಯಾಯಿತು.

ಹದಿನೆಂಟನೇ ದಿನ ಹನ್ನೊಂದಕ್ಕೆ ಮುಖ ತೋರಿಸಿದಳು. ಅಮ್ಮನ ಒಂದು ರಿಂಗು ಬಂತು, ಕಟ್ಟಾಯಿತು. ಅವಳು ವಿಮಾನದ ಚಿತ್ರ ಒತ್ತಿ ಫೋನನ್ನು ಏಪ್ರನ್ನಿನ ಜೇಬಿಗಿಳಿಸಿದಳು. ಗಾಜಿನ ಕೋಣೆಯ ಗಾಜು ಒರೆಸಿದಳು. ಕಾಫಿ ಮಷಿನ್ನಿನ ತಟ್ಟೆ ತೊಳೆದಳು. ಹನ್ನೆರಡಕ್ಕೆ ಮೆಟ್ಟಿಲ ಕೆಳಗಿನ ಬಕೆಟ್ಟು ಇಡುವ ಗೂಡಿನಲ್ಲಿ ಐದರ ಜೊತೆ ಊಟದ ಡಬ್ಬಿ ಬಿಚ್ಚಿದಳು.

"ನಂದು ಇಪ್ಪತ್ತಕ್ಕೆ ಬಂತು ಕಣೆ. ನಿಂದೆಷ್ಟಿದೆ?" ಐದು ಕೇಳಿದಳು.

"ಅರವತ್ತೊಂದು."

"ಅಬ್ಬಬ್ಬಾ, ಸಾಹುಕಾರ್ತಿ! ನಮಗೂ ಒಂದು ಹತ್ತು ದಾನ ಮಾಡಮ್ಮ."

ಒಂದು ಗಂಟೆಗೆ ಎಂಟನೇ ಮಹಡಿಯ ಲಿಫ್ಟಿನ ಎದುರು ನಿಂತು ವಿಮಾನ ಇಳಿಸಿದಳು. ಐವತ್ತೊಂಬತ್ತು. ಆ್ಯಪ್ ತೆರೆಯುವ ಮೊದಲೇ ಮೆಸೇಜುಗಳು ಬಿದ್ದವು. ಫೋನು ಸಿಗದಿದ್ದಾಗ ಬಂದ ಕರೆಗಳ ಪಟ್ಟಿ. ಅಮ್ಮನಿಂದ ಹನ್ನೊಂದು. ಮೊದಲನೆಯದು ಹನ್ನೊಂದು ಇಪ್ಪತ್ತೈದಕ್ಕೆ, ಕೊನೆಯದು ಹನ್ನೊಂದು ಐವತ್ತೆರಡಕ್ಕೆ. ಅದರ ಕೆಳಗೆ, ಮನೆ ಕೆಳಗಿನ ಅಂಗಡಿಯ ಇಸ್ತ್ರಿ ಅಣ್ಣನ ನಂಬರಿನಿಂದ ಆರು.

ಅವಳು ತಿರುಗಿ ಓಡಿದಳು. ಮೆಟ್ಟಿಲ ಬಾಗಿಲಲ್ಲಿ ಗಡಿಯಾರ ಎದುರಾದ. "ಏ ಎಂಟೂ, ಒಂದು ಗಂಟೆ ಮುಖ ಆಯ್ತಾ?" ಅವಳು ಅವನನ್ನು ಸರಿಸಿಕೊಂಡು ಇಳಿದಳು. ಹನ್ನೆರಡು ನಿಮಿಷದ ದಾರಿಯನ್ನು ಅವತ್ತು ಎಂಟೇ ನಿಮಿಷದಲ್ಲಿ ಮುಗಿಸಿದಳು. ಯಾತಕ್ಕೆ ಬಂತು ಆ ಉಳಿಸಿದ ನಾಲ್ಕು ನಿಮಿಷ.

ಇಸ್ತ್ರಿ ಅಣ್ಣ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ, ತಾನೇ ತಪ್ಪು ಮಾಡಿದವನ ಹಾಗೆ. ಅಮ್ಮ ಗೋಡೆಗೊರಗಿ ಕೂತ ಭಂಗಿಯಲ್ಲೇ ಇದ್ದಳು, ಕತ್ತು ಮಾತ್ರ ಒಂದು ಕಡೆಗೆ ವಾಲಿತ್ತು. ಮಷಿನ್ನಿನ ಪಕ್ಕ ಔಷಧಿಯ ಟ್ಯೂಬೊಂದು ಮುರಿಯದೇ ಬಿದ್ದಿತ್ತು. ಅದರ ಕತ್ತಿನ ಮೇಲೆ ಹಲ್ಲಿನ ಗುರುತು.

"ಏನೋ ಬಿದ್ದ ಸದ್ದಾಯ್ತು, ಹತ್ತಿ ಬಂದೆ ತಂಗಿ" ಎಂದ ಅಣ್ಣ. "ಆ ಮಷಿನ್ ನಂಗೆ ಗೊತ್ತಾಗ್ಲಿಲ್ಲ. ಬೆನ್ನು ನೀವಿದೆ. ಆಂಬುಲೆನ್ಸಿಗೆ ಹೇಳ್ದೆ. ಅವ್ರು ಬರೋ ಹೊತ್ತಿಗೆ ಆಗ್ಹೋಗಿತ್ತು, ನೋಡಿ ಹೋದ್ರು. ನಿಂಗೂ ಮಾಡ್ತಾನೇ ಇದ್ದೆ..."

ಅವಳು ಅಮ್ಮನ ಕಾಲು ಹಿಡಿದುಕೊಂಡು ಕೂತಳು. ಕಾಲು ಇನ್ನೂ ಪೂರ್ತಿ ತಣ್ಣಗಾಗಿರಲಿಲ್ಲ.

"ದೊಡ್ಡಮ್ಮ ಫೋನು ಕಿವಿಗೆ ಹಿಡ್ಕೊಂಡೇ ಇದ್ರು" ಅಣ್ಣ ಮೆಲ್ಲಗೆ ಹೇಳಿದ. "ಅದ್ರಲ್ಲಿ ಒಬ್ಬಳು ಹೇಳ್ತಾಳಲ್ಲ, ನೀವು ಕರೆ ಮಾಡಿದವರು ಸಿಗ್ತಿಲ್ಲ ಅಂತ... ಅವಳ ಹತ್ರ ಮಾತಾಡ್ತಿದ್ರು. ನನ್ನ ಮಗಳಿಗೆ ಸ್ವಲ್ಪ ಹೇಳಮ್ಮ ತಾಯಿ, ಅಂತ. ಆಮೇಲೆ ಇನ್ನೊಂದು ಸಲ, ಹೋಗ್ಲಿ ಬಿಡು, ಕೆಲಸದಲ್ಲಿದ್ದಾಳೆ ಪಾಪ, ಅಂತ."

ಅಮ್ಮನ ಮುಷ್ಟಿಯಿಂದ ಬಟನ್ ಫೋನನ್ನು ಅವಳೇ ಬಿಡಿಸಿದಳು. ಚಾರ್ಜಿನ ನಾಲ್ಕು ಗೆರೆಗಳಲ್ಲಿ ಮೂರು ಉಳಿದಿದ್ದವು.

ಐದನೇ ದಿನ ಅವಳು ಕೆಲಸಕ್ಕೆ ಬಂದಳು. ಗಡಿಯಾರ ತಲೆ ತಗ್ಗಿಸಿದ, ಅಯ್ಯೋ ಅಂದ, ನಮ್ಮಮ್ಮನೂ ಹೀಗೇ ಹೋಗಿದ್ದು ಅಂದ. ಸುಳ್ಳು ಹೇಳಿರಲಾರ. ಆಮೇಲೆ ತನ್ನ ಫೋನು ತೆರೆದು ತೋರಿಸಿದ. ಆ ದಿನದ ಎದುರು ಕೆಂಪು ಬಿದ್ದಿತ್ತು.

"ತಿಂಗಳಿನ ಮೂರನೇದು ಇದು. ಅವತ್ತಿನ ಮೂರು ಗಂಟೆಗೂ ಆಮೇಲಿನ ದಿನಗಳಿಗೂ ರಜೆ ಅಂತ ಬರ್ದಿದ್ದೀನಿ, ಸಾವು ಅಂತ ಕಾರಣಾನೂ ಹಾಕಿದ್ದೀನಿ. ಆದ್ರೆ ಅವತ್ತಿನ ಒಂದು ಗಂಟೆಗೆ ಕಾರಣ ತಗೊಳ್ತಿಲ್ಲ ಇದು. ಫೋನಲ್ಲಿ ಚಾರ್ಜ್ ಇತ್ತು, ನೀನು ಬಿಲ್ಡಿಂಗಲ್ಲೇ ಇದ್ದೆ, ಮುಖ ಮಾತ್ರ ಇಲ್ಲ. ನನ್ನ ಕೈಲಿ ಏನೂ ಇಲ್ಲಮ್ಮ. ಸಂಜೆವರೆಗೆ ಕೆಲಸ ಮಾಡು, ಮೇಲಿನೋರಿಗೆ ಕೇಳ್ತೀನಿ."

ಲಿಫ್ಟು ಕೆಲಸದವರಿಗಲ್ಲ; ಅವಳು ಮೆಟ್ಟಿಲು ಹತ್ತಿದಳು. ನೂರಾ ಇಪ್ಪತ್ತು ಮೇಜು ಒರೆಸಿದಳು. ಹನ್ನೊಂದು ಇಪ್ಪತ್ತೈದಕ್ಕೆ, ಮಹಡಿ ತುಂಬ ಜನ ಕೂತು ಕೀಲಿಮಣೆ ಕುಟ್ಟುತ್ತಿರುವಾಗ, ಕಿಟಕಿ ಪಕ್ಕದ ಒಂದು ಖಾಲಿ ಮೇಜಿನ ಮುಂದೆ ನಿಂತು ಸೊಂಟದ ಚೀಲದಿಂದ ಚಾರ್ಜರ್ ತೆಗೆದಳು. ಮೇಜಿನ ಕೆಳಗಲ್ಲ, ಮೇಲಿನ ಪಾಯಿಂಟಿಗೆ ಚುಚ್ಚಿದಳು. ಫೋನನ್ನು ಎಲ್ಲರಿಗೂ ಕಾಣುವ ಹಾಗೆ ಇಟ್ಟಳು. ಬೆಳಕನ್ನು ತುದಿಯವರೆಗೆ ಏರಿಸಿದಳು. ಸದ್ದನ್ನೂ ಏರಿಸಿದಳು. ರಿಪೇರಿಯವನು ಹೇಳಿಕೊಟ್ಟದ್ದನ್ನೆಲ್ಲ ಒಂದೊಂದಾಗಿ ತಿರುವಿಹಾಕಿದಳು. ವಿಮಾನದ ಚಿತ್ರವನ್ನು ಮಾತ್ರ ಮುಟ್ಟಲಿಲ್ಲ.

ಯಾರು ಹೇಳಿದರೋ, ಗಡಿಯಾರ ಏದುಸಿರು ಬಿಡುತ್ತ ಬಂದ. "ಎಂಟೂ! ಏನಿದು? ತೆಗಿ ಮೊದ್ಲು. ನೋಡ್ತಿದ್ದಾರೆ."

"ನೋಡ್ಲಿ."

"ಕೆಲಸ ಉಳಿಸೋಣ ಅಂತ ನಾನು ಒದ್ದಾಡ್ತಿದ್ರೆ ನೀನು..."

"ಒಂದು ಸಲ ಉಳಿಸ್ಕೊಂಡಾಯ್ತಲ್ಲಣ್ಣ" ಅಂದಳು ಅವಳು. ನಾಲ್ಕು ವರ್ಷದಲ್ಲಿ ಅವನನ್ನು ಅಣ್ಣ ಎಂದದ್ದು ಅದೇ ಮೊದಲು.

ಇನ್ನೊಂದು ಕೈಯಲ್ಲಿ ಅಮ್ಮನ ಬಟನ್ ಫೋನಿತ್ತು. ಎರಡನೇ ಗುಂಡಿಯನ್ನು ಒತ್ತಿ ಹಿಡಿದಳು. ಮೇಜಿನ ಮೇಲಿನ ಫೋನು ಬೆಳಗಿ, ಜೋರಾಗಿ ರಿಂಗಾಯಿತು. ಪರದೆಯ ಮೇಲೆ ಅಮ್ಮ ಎಂಬ ಎರಡಕ್ಷರ. ಕಟ್ ಮಾಡಿದಳು. ಮತ್ತೆ ಒತ್ತಿದಳು. ಕೀಲಿಮಣೆಗಳ ಸದ್ದು ಒಂದೊಂದೇ ನಿಂತಿತು.

ಗಡಿಯಾರ ಪ್ಲಗ್ಗಿನತ್ತ ಚಾಚಿದ ಕೈಯನ್ನು ಅರ್ಧದಲ್ಲೇ ಇಟ್ಟುಕೊಂಡು ಪರದೆ ನೋಡಿದ. "ಯಾರದಮ್ಮ ಫೋನು?"

"ನಮ್ಮಮ್ಮಂದು. ಎರಡು ಸಲ ಬಂದ್ರೆ ಬಾ ಅಂತ ಅರ್ಥ."

ಈ ಸಲ ಅವಳು ಕಟ್ ಮಾಡಲಿಲ್ಲ. ಗಡಿಯಾರವೂ ಪ್ಲಗ್ಗು ಕೀಳಲಿಲ್ಲ. ಮಣಿಕಟ್ಟು ನೋಡಿಕೊಳ್ಳುವುದನ್ನೂ ಮರೆತಿದ್ದ. ಆ ಮಹಡಿಯಲ್ಲಿ ನೂರಕ್ಕೂ ಹೆಚ್ಚು ಜನರ ನಡುವೆ ಫೋನು ರಿಂಗಾಗುತ್ತಲೇ ಇತ್ತು. ಅವಳು ಸೊಂಟಕ್ಕೆ ಸಿಕ್ಕಿಸಿದ್ದ ಧೂಳೊರೆಸುವ ಬಟ್ಟೆಯನ್ನು ಎಳೆದು ಆ ಮೇಜನ್ನು ಒರೆಸತೊಡಗಿದಳು. ಅದರ ಮೇಲೆ ಧೂಳೇನೂ ಇರಲಿಲ್ಲ.