ಕಣ್ಣ ತೆಗಿ

ಕೆಂಪು, ಮತ್ತೆ ಕೆಂಪು, ರೊಟ್ಟಿ ಬಡಿದು ಸವೆದ ಅವ್ವನ ಬೆರಳನ್ನಂತೂ ಗುರುತು ಹಿಡಿಯುವ ಮಷಿನ್ ಒಪ್ಪಲೇ ಇಲ್ಲ, ಈಗ ಕಣ್ಣಿಗೂ ಅದೇ ಕೆಂಪು ದೀಪ — ಇಂಡಿ ಪಟ್ಟಣದ ಈ ಜೆರಾಕ್ಸ್ ಅಂಗಡಿಯ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿದೆ, ಕೌಂಟರಿನ ಸುನಂದಾಬಾಯಿಯ ತಾಳ್ಮೆ ಮುಗಿಯುತ್ತ ಬಂತು, ಆಯಿ, ಕಣ್ಣ ತೆಗೀರಿ, ದೊಡ್ಡದಾಗಿ ತೆಗೀರಿ, ಇವತ್ತ ಆಗಲಿಲ್ಲಂದ್ರ ರೇಶನ್ ಕಾರ್ಡಿನಾಗಿಂದ ಹೆಸರ ತೆಗೀತಾರ ನೋಡ್ರಿ, ತೆಗಿ, ತೆಗಿ, ನಮ್ಮ ಕಡೆ ತೆರೆಯೋದಕ್ಕೂ ಅದೇ ಮಾತು, ಕಿತ್ತು ಹಾಕೋದಕ್ಕೂ ಅದೇ, ಆ ಗುಡ್ಡದೂರಿನಲ್ಲಿ ಮಿಲ್ಟ್ರಿ ಡ್ಯೂಟಿ ಮೇಲೆ ನಾನು ಕೂಗಿದ್ದೂ ಅದನ್ನೇ, ಸಿಟ್ಟಿನಲ್ಲಿ ಹಿಂದಿ ಮರೆತು, ನಮ್ಮೂರು ಹೊರ್ತಿಯ ಕನ್ನಡದಲ್ಲಿ, ಕಣ್ಣ ತೆಗಿಯಲೇ ಮುದುಕಾ — ಅವನಿಗೆ ಕನ್ನಡ ಎಲ್ಲಿಂದ ತಿಳಿಯಬೇಕು, ರೈಫಲ್ ತಿಳಿಯಿತು, ತೆಗೆದ. ಊರಿಗೆ ಊರೇ ಸಾಲಾಗಿ ನಿಂತಿತ್ತು, ಹೆಂಗಸರು ಮುಸುಕು ಸರಿಸಿ, ಕೂಸುಗಳನ್ನು ಎತ್ತಿಕೊಂಡು, ಒಬ್ಬೊಬ್ಬರದೂ ಬೆರಳು, ಮುಖ, ಕಣ್ಣು, ಯಾಕೆ ಅಂತ ಅವರು ಕೇಳುವಂತಿರಲಿಲ್ಲ, ಎಲ್ಲಿಗೆ ಹೋಗುತ್ತವೆ ಅಂತ ನಾನು ಕೇಳಲಿಲ್ಲ, ದಿನಕ್ಕೆ ಇನ್ನೂರು ಕಣ್ಣು, ತುಕಡಿಯಲ್ಲಿ ನಾನೇ ಚುರುಕು, ಹೆಬ್ಬೆರಳಿನಿಂದ ರೆಪ್ಪೆ ಎತ್ತಿ ಒತ್ತಿ ಹಿಡಿದರೆ ಎಂಥವನೂ ಮಿಟುಕಿಸಲಾರ, ಮುಚ್ಚಿಕೊಳ್ಳೋಕೆ ಒದ್ದಾಡುತ್ತದೆ ಅಷ್ಟೆ, ಶಾಬಾಸ್ ಶ್ರೀಶೈಲ ಅಂದರು ಸಾಹೇಬರು, ಹೆಮ್ಮೆಪಟ್ಟೆ, ಸುಳ್ಳು ಯಾಕೆ ಹೇಳಲಿ.

ಮುದುಕನ ಕಣ್ಣು ಹೋದ ವರ್ಷ ಮಷಿನ್ನಿನಲ್ಲಿ ದಾಖಲಾದ ಕಣ್ಣಿಗೆ ಹೊಂದಲಿಲ್ಲ, ಕೆಂಪು, ಅವನು ಜೇಬಿನಿಂದ ಔಷಧದ ಹನಿ ಬಾಟ್ಲಿ ತೆಗೆದು ತೋರಿಸಿದ, ಕಣ್ಣಿನ ಮೇಲೆ ಬೆರಳಿನಿಂದ ಕೊಯ್ದ ಹಾಗೆ ಗೆರೆ ಎಳೆದ, ತಿಳಿಯಿತು, ನನಗೆ ಚೆನ್ನಾಗಿಯೇ ತಿಳಿಯಿತು, ಹಿಂದಿನ ರಜೆಯಲ್ಲೇ ಸಿಂದಗಿಯ ಆಸ್ಪತ್ರೆಗೆ ಕರೆದೊಯ್ದು ಅವ್ವನ ಎಡಗಣ್ಣಿನ ಪೊರೆ ತೆಗೆಸಿದ್ದೆ, ಹದಿನೈದು ದಿನ ಹನಿ ಹಾಕಿದವನು ನಾನೇ, ಇವನಿಗೆ ಆಪರೇಶನ್ ಆಗಿದೆ, ಅದಕ್ಕೇ ಹೊಂದುತ್ತಿಲ್ಲ ಅನ್ನೋಕೆ ಒಂದು ಉಸಿರು ಸಾಕಿತ್ತು — ಊಟದ ಹೊತ್ತಾಗಿತ್ತು, ಜೀಪು ಕಾಯುತ್ತಿತ್ತು, ಬೇರೆ ಮನುಷ್ಯ ಸರ್, ಅಂದುಬಿಟ್ಟೆ. ಅವನನ್ನು ಜೀಪಿಗೆ ಹತ್ತಿಸಿದರು, ಬಾಟ್ಲಿ ಕೆಸರಿನಲ್ಲಿ ಬಿತ್ತು, ಮತ್ತೆ ಅವನು ಊರಿಗೆ ಬರಲೇ ಇಲ್ಲ, ಮರುವಾರ ಅವನ ಹೆಂಡತಿ ಸಾಲಿನಲ್ಲಿ ನಿಂತಳು, ಯಾರೂ ಹೇಳುವ ಮೊದಲೇ ಕಣ್ಣು ಅಗಲ ತೆಗೆದುಕೊಂಡು.

ನನ್ನ ಮಗನ ಕೈಯಾಗ ಕೊಡವ್ವಾ ಆ ಮಷಿನ್ನ, ಅನ್ನುತ್ತಿದ್ದಾಳೆ ಅವ್ವ, ಮಿಲ್ಟ್ರಿಯಾಗ ಇದ ಕೆಲಸ ಮಾಡ್ಯಾನವ, ದೊಡ್ಡ ದೊಡ್ಡ ಸಾಹೇಬ್ರು ಹೊಗಳ್ಯಾರ, ಸಾಲಿನಲ್ಲಿದ್ದವರೆಲ್ಲ ನನ್ನತ್ತ ತಿರುಗಿದರು, ಬ್ಯಾಡವ್ವಾ ಅನ್ನಬೇಕಿತ್ತು, ಕೈ ಚಾಚಿದೆ, ಸುನಂದಾಬಾಯಿ ಕೊಟ್ಟೇಬಿಟ್ಟಳು, ಕೈಯಲ್ಲಿ ಅದೇ ತೂಕ, ಹೆಬ್ಬೆರಳು ನನ್ನನ್ನು ಕೇಳದೆ ಹೋಯಿತು, ರೆಪ್ಪೆ ಎತ್ತಿತು, ಒತ್ತಿತು, ಬಲಗಣ್ಣು, ಹೋದ ತಿಂಗಳು ಪೊರೆ ತೆಗೆದದ್ದು, ಬೆಳಿಗ್ಗೆ ಹನಿ ಹಾಕಿದ ಬಾಟ್ಲಿ ಇನ್ನೂ ನನ್ನ ಜೇಬಿನಲ್ಲೇ ಇದೆ — ಸಾವಕಾಶೋ ನನ್ನಪ್ಪಾ, ಬ್ಯಾನಿ ಆಗ್ತೈತಿ — ಹಸಿರಾಗು, ಹಸಿರಾಗು, ಕೆಂಪು, ಇನ್ನೊಮ್ಮೆ, ಕೆಂಪು — ಕೈ ತೆಗಿ, ಶ್ರೀಶೈಲಾ, ಅವ್ವನ ದನಿ, ಕೈ ತೆಗಿ — ಬಿಡ್ರೀ ಅಣ್ಣಾರ, ಕೌಂಟರಿನಿಂದ ಸುನಂದಾಬಾಯಿ, ಹಿರೇಮನುಷ್ಯಾಳು ಆಕಿ — ತೆಗೆಯಬೇಕು, ಬೆರಳು ಬರುತ್ತಿಲ್ಲ, ಉಗುರಿನ ಮೇಲೆ ನೀರು ಇಳಿಯುತ್ತಿದೆ, ಬಿಸಿಯಾಗಿ, ಆ ಮುದುಕನದೂ ಹೀಗೇ ಬಿಸಿಯಿತ್ತು, ಹೆಬ್ಬೆರಳಿನಡಿ ರೆಪ್ಪೆ, ಮುಚ್ಚಿಕೊಳ್ಳೋಕೆ ಒದ್ದಾಡುವ ರೆಪ್ಪೆ, ರೆಪ್ಪೆ