ಎರಡು ಸಲ ಕೂಗಿದ ಕಮಾನು

ಆ ಯಂತ್ರಕ್ಕೆ ‘ಮಾವ’ ಎಂದು ಹೆಸರಿಟ್ಟವಳು ಕಾರ್ಡಮ್ಮನೇ. ಆಸ್ಪತ್ರೆಗಳ ಬಟ್ಟೆ ಒಗೆಯುವ ಆ ಕಾರ್ಖಾನೆಯ ಮಹಡಿಯಲ್ಲಿ, ಎರಡು ಬೀರುವಿನಷ್ಟು ಜಾಗ ಹಿಡಿದು ಗೊರ್ರೆನ್ನುತ್ತ ಕೂತ ಹಳೆಯ ದೊಡ್ಡ ಕಂಪ್ಯೂಟರು ಅದು. ಕೆಳಗೆ ಇಸ್ತ್ರಿ ಹಾಲಿನಲ್ಲಿ ಅರವತ್ತು ಜನ ಬೆಂದು ಬಸವಳಿದು ಒಂದು ಫ್ಯಾನು ಕೇಳಿದರೆ ‘ನೋಡೋಣ’ ಎನ್ನುವ ಆಡಳಿತ, ಮಾವನ ಕೋಣೆಗೆ ಮಾತ್ರ ಮೂವತ್ತು ವರ್ಷದಿಂದ ತಂಪು ತಪ್ಪಿಸಿರಲಿಲ್ಲ. ಮಾವನ ನಡೆನುಡಿಯೂ ಹಿರಿಯರದ್ದೇ. ದಿನಕ್ಕೊಂದೇ ಸಲ, ಮಧ್ಯಾಹ್ನ ಒಂದು ಗಂಟೆಗೆ ಬಾಯಿ ತೆರೆಯುತ್ತಿದ್ದ. ಹಿಂದಿನ ದಿನದಿಂದ ಕೂಡಿಟ್ಟದ್ದನ್ನೆಲ್ಲ ಆಗಲೇ ಉಣಿಸಬೇಕು. ಎಂಟಕ್ಷರಕ್ಕಿಂತ ಉದ್ದದ ಹೆಸರು ಹೇಳಿದರೆ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಕಾರ್ಡಮ್ಮ ಅವನಿಗೆ ಸೊಸೆಯೂ ಹೌದು, ದಾದಿಯೂ ಹೌದು. ಕಾಗದದ ಕಾರ್ಡಿಗೆ ತೂತು ಹೊಡೆದು ಯಂತ್ರಕ್ಕೆ ತಿನ್ನಿಸುತ್ತಿದ್ದ ಕಾಲಕ್ಕೆ ಹತ್ತೊಂಬತ್ತರ ಹರೆಯದಲ್ಲಿ ಕೆಲಸಕ್ಕೆ ಸೇರಿದವಳು. ಕಾರ್ಡು ಹೋಗಿ ಕೀಲಿಮಣೆ ಬಂತು, ಅವಳ ಹೆಸರು ಮಾತ್ರ ಉಳಿಯಿತು. ಪ್ರೋಗ್ರಾಂ ಬರೆದವರೆಲ್ಲ ಒಬ್ಬೊಬ್ಬರಾಗಿ ಮನೆಗೆ ಹೋದ ಮೇಲೆ, ಮಾವನ ಹೊಟ್ಟೆಯೊಳಗೆ ಏನೇನಿದೆ ಎಂದು ಬಲ್ಲವಳು ಅವಳೊಬ್ಬಳೇ.

ಹೀಗಿರುವಾಗ ಕಾರ್ಖಾನೆಗೆ ಚಿಪ್ಪು ಬಂತು. ಆಪರೇಷನ್ ಕೋಣೆಗೆ ಹೋಗುವ ಹಸಿರು ಹಾಸುಗಳ ಅಂಚಿನಲ್ಲಿ ಅಂಗಿಯ ಗುಂಡಿಯಷ್ಟು ದೊಡ್ಡ ಚಿಪ್ಪು ಒಂದೊಂದು ಹೊಲಿದರು. ಗಾಡಿಗಳು ಹೊರಗೆ ಹೋಗುವ ಬಾಗಿಲಿಗೆ ಕಮಾನೊಂದನ್ನು ನಿಲ್ಲಿಸಿದರು. ಹಾಸು ತುಂಬಿದ ಗಾಡಿ ಅದರ ಕೆಳಗೆ ಹಾದರೆ ಸಾಕು, ಮುಟ್ಟದೆ ಬಿಚ್ಚದೆ ರೇಡಿಯೊ ಅಲೆಯಲ್ಲೇ ಪ್ರತಿ ಚಿಪ್ಪಿನ ಹೆಸರನ್ನೂ ಓದಿ ಕಮಾನು ‘ಕೀಂ’ ಎನ್ನುತ್ತಿತ್ತು. ಆದರೆ ಚಿಪ್ಪಿನ ಹೆಸರಿಗೆ ಇಪ್ಪತ್ನಾಲ್ಕು ಅಕ್ಷರ, ಮಾವನ ಕಿವಿಗೆ ಎಂಟು. ಕಮಾನು ಕಣ್ಣುಮಿಟುಕಿಸುವುದರೊಳಗೆ ಹತ್ತು ಸಲ ಒದರುವಂಥದ್ದು, ಮಾವ ದಿನಕ್ಕೊಂದು ಸಲ ಕೇಳುವಂಥವನು. ಎತ್ತು ಏರಿಗೆ, ಕೋಣ ನೀರಿಗೆ. ಎರಡನ್ನೂ ಒಂದೇ ನೊಗಕ್ಕೆ ಹೂಡಲೆಂದು ಚಿಪ್ಪಿನ ಕಂಪನಿ ಒಬ್ಬ ಎಂಜಿನಿಯರನ್ನು ಕಳಿಸಿತು. ಕಮಾನಿನ ಮಾತನ್ನು ಮಾವನಿಗೆ ತಿಳಿಸುವ ನಡುವಿನ ಪ್ರೋಗ್ರಾಂ ಬರೆಯುವುದು ಅವನ ಕೆಲಸ. ಕಾರ್ಡಮ್ಮ ಅವನನ್ನು ‘ದುಭಾಷಿ’ ಎಂದು ಕರೆದಳು, ಅವನೂ ಒಗ್ಗಿಕೊಂಡ.

“ಗಾಡಿ ಕೆಳಗಿರೋವರೆಗೂ ಕಮಾನು ಒದರ್ತಾನೇ ಇರುತ್ತೆ ಮೇಡಂ,” ಎಂದಿದ್ದ ಮೊದಲ ದಿನವೇ. “ಅದಕ್ಕೆ, ಐದು ಸೆಕೆಂಡಿನೊಳಗೆ ಒಂದೇ ಹೆಸರು ಎಷ್ಟು ಸಲ ಬಂದ್ರೂ ಒಂದೇ ಅಂತ ಮಾವನಿಗೆ ಹೇಳೋ ಹಾಗೆ ಮಾಡಿದೀನಿ. ‘ಕೀಂ’ ಅನ್ನೋದೂ ಆ ಲೆಕ್ಕಕ್ಕೆ ಒಂದೇ ಸಲ.”

“ಐದೇ ಯಾಕಪ್ಪ?”

“ಒಂದಿನ ಪೂರ್ತಿ ನಿಂತು ನೋಡಿದೀನಿ. ಎಲ್ಲರೂ ಮೂರು ಸೆಕೆಂಡಲ್ಲಿ ದಾಟ್ತಾರೆ.”

ಮೂರು ವಾರ ಎಲ್ಲ ಸುಸೂತ್ರ. ನಾಲ್ಕನೆಯ ಸೋಮವಾರ ಬೆಳಿಗ್ಗೆ ಮಹಡಿಯ ಮೆಟ್ಟಿಲ ಮೇಲೆ ಒಂದು ಹೆಜ್ಜೆ, ಒಂದು ಉಸಿರು, ಇನ್ನೊಂದು ಹೆಜ್ಜೆ ಕೇಳಿಸಿತು. ಗಾಡಿಯಕ್ಕ. ಇಪ್ಪತ್ತೆಂಟು ವರ್ಷ ಗಾಡಿ ತಳ್ಳಿ ಬಲಮೊಣಕಾಲನ್ನು ಕಾರ್ಖಾನೆಗೇ ಕೊಟ್ಟವಳು. ಬಾಗಿಲಲ್ಲಿ ನಿಂತು ಕೈಯಲ್ಲಿದ್ದ ಕಾಗದವನ್ನು ಬೀಸಣಿಗೆಯ ಹಾಗೆ ಬೀಸಿಕೊಂಡಳು.

“ಅಕ್ಕಾ, ನಿನ್ನ ಮಾವ ನನ್ನ ಕಳ್ಳಿ ಅಂದನಂತೆ. ಹೌದಾ ಅಂತ ಅವನನ್ನೇ ಕೇಳಿ ಹೋಗೋಣ ಅಂತ ಬಂದೆ.”

ಕಾರ್ಡಮ್ಮ ಕಾಗದ ಓದಿದಳು. ಗಾಡಿಯಕ್ಕನಿಗೆ ಒಪ್ಪಿಸಿದ ಒಂದು ಸಾವಿರದ ನೂರ ಇಪ್ಪತ್ತು ಹಸಿರು ಹಾಸುಗಳು ಹೊರಗೆ ಹೋದ ದಾಖಲೆಯೇ ಇಲ್ಲ. ಶುಕ್ರವಾರ ಸಂಜೆಯೊಳಗೆ ಸಮಜಾಯಿಷಿ ಕೊಡಬೇಕು. ಇಲ್ಲವಾದರೆ ಕೆಲಸದಿಂದ ವಜಾ. ಇದೇ ಕಾಗದದ ಇನ್ನೊಂದು ಪ್ರತಿಯನ್ನು ಕೆಳಗೆ ನೋಟಿಸ್ ಬೋರ್ಡಿಗೂ ಅಂಟಿಸಿದ್ದರು. ಅಷ್ಟೂ ಮಂದಿ ಓದಲಿ ಎಂದೇ ಅಂಟಿಸುವುದು.

“ನನ್ನ ರೂಮು ನೋಡಿದೀಯಲ್ಲ,” ಎಂದಳು ಗಾಡಿಯಕ್ಕ. “ಸಾವಿರ ಹಾಸು ತುಂಬಿದ್ರೆ ನಾನು ಹೊರಗೆ ಮಲಗಬೇಕು.” ನಕ್ಕಳು. ಆಮೇಲೆ ಕುರ್ಚಿಯ ಬೆನ್ನು ಹಿಡಿದುಕೊಂಡಳು. “ಈ ವಯಸ್ಸಲ್ಲಿ, ಈ ಕಾಲಿಟ್ಕೊಂಡು, ಕಳ್ಳಿ ಅನ್ನೋ ಹಣೆಪಟ್ಟಿ ಬೇರೆ. ಯಾರಕ್ಕ ಕರೀತಾರೆ ಕೆಲಸಕ್ಕೆ?”

ಕಾರ್ಡಮ್ಮ ನೇರ ಮ್ಯಾನೇಜರನ ಕೋಣೆಗೆ ನಡೆದಳು.

“ಸಾರ್, ಇದು ಕರಾರುವಾಕ್ಕಾಗಿ ಇಪ್ಪತ್ತೆಂಟು ಗಾಡಿ. ಗಾಡಿಗೆ ನಲವತ್ತರಂತೆ. ಕದಿಯೋರು ಯಾರಾದ್ರೂ ಮಗ್ಗಿ ಹೇಳ್ಕೊಂಡು ಕದೀತಾರಾ?”

“ಯಂತ್ರಕ್ಕೆ ಯಾರ ಮೇಲೂ ಹಗೆ ಇಲ್ಲಮ್ಮ.”

“ಆಸ್ಪತ್ರೆಯವರು ಹಾಸು ಬಂದಿಲ್ಲ ಅಂದ್ರಾ?”

“ಅವರು ಎಣಿಸೋದಿಲ್ಲ, ತೂಗ್ತಾರೆ. ತೂಕ ಸರಿ ಇದೆ ಅಂತಾರೆ.” ಮ್ಯಾನೇಜರ್ ಪೆನ್ನಿನ ಮುಚ್ಚಳ ತಿರುವಿದ. “ಒದ್ದೆ ಇದ್ದಿರಬಹುದು. ಅದಕ್ಕೇ ತೂಕ ಬಂದಿದೆ.”

“ಹೊರಗೇ ಹೋಗದ ಹಾಸು ರಕ್ತ ಹತ್ತಿಸಿಕೊಂಡು ಒಗೆಯೋಕೆ ವಾಪಸ್ ಬಂದಿದೆಯಲ್ಲ ಸಾರ್, ಅದು ಹೇಗೆ?”

“ಒಳಗೆ ಬರೋ ಬಾಗಿಲಿಗೆ ಕಮಾನು ಮುಂದಿನ ವರ್ಷ ಹಾಕಿಸ್ತೀವಿ. ಅಲ್ಲಿವರೆಗೂ ಅದಕ್ಕೆ ಸಾಕ್ಷಿ ಇಲ್ಲ.”

ಕಣ್ಣೆದುರು ಬಿದ್ದಿರುವ ಹಾಸಿನ ರಾಶಿ ಸಾಕ್ಷಿಯಲ್ಲ, ಕಾಗದದ ಮೇಲಿನ ಸೊನ್ನೆ ಸಾಕ್ಷಿ. ಒಬ್ಬಳು ತಳ್ಳಿದ್ದನ್ನು ಅರವತ್ತು ಜನ ಕಂಡಿದ್ದರೂ ಅವರನ್ನು ಕೇಳಬೇಕೆಂದು ಆ ಕೋಣೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಕಾರ್ಡಮ್ಮನ ಮೈ ಉರಿಯಿತು. ಉರಿಯನ್ನು ನುಂಗಿಕೊಂಡು ಕೆಳಗಿಳಿದು ಕಮಾನಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತಳು.

ಗಾಡಿ ತಳ್ಳುವ ಪಡ್ಡೆ ಹುಡುಗರು ಬಂದರು. ಗಾಡಿಗೆ ಒಂದು ದೂಡು, ಹೊಸಿಲ ಮೇಲೆ ದಡಕ್ ಎಂದು ಒಂದು ಜಿಗಿತ. ಕಮಾನು ‘ಕೀಂ’ ಎಂದಿತು. ಇನ್ನೊಬ್ಬ ಬಂದ, ‘ಕೀಂ’. ಆಮೇಲೆ ಗಾಡಿಯಕ್ಕ ಬಂದಳು. ಹೊಸಿಲಿನ ಕಬ್ಬಿಣದ ಪಟ್ಟಿ ಒಂದು ಬೆರಳು ಮೇಲೆದ್ದಿತ್ತು. ರಿಪೇರಿ ಮಾಡಿಸಿ ಎಂದು ಅವಳೇ ಎಷ್ಟೋ ಸಲ ಬರೆಸಿ ಕೊಟ್ಟಿದ್ದಳು. ಮುಂದಿನ ಚಕ್ರ ಹತ್ತಿಸಿದಳು. ‘ಕೀಂ’. ನಿಂತಳು, ಕಾಲು ಬದಲಿಸಿದಳು, ಉಸಿರು ಎಳೆದುಕೊಂಡಳು. ಹಿಂದಿನ ಚಕ್ರ ಎತ್ತುವಷ್ಟರಲ್ಲಿ ಮತ್ತೊಮ್ಮೆ ‘ಕೀಂ’.

“ಇದು ಯಾವಾಗಲೂ ನಿನಗೆ ಎರಡು ಸಲ ಕೂಗುತ್ತಾ?”

“ಹೂಂ ಅಕ್ಕ. ನನ್ನ ಕಂಡ್ರೆ ಅದಕ್ಕೆ ಪ್ರೀತಿ ಜಾಸ್ತಿ ಅಂತ ಹುಡುಗರು ರೇಗಿಸ್ತಾರೆ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಕಾರ್ಡಮ್ಮನ ಕೈ ನಿಜಕ್ಕೂ ಹೆಗಲಿಗೆ ಹೋಯಿತು.

ಇಪ್ಪತ್ತೊಂಬತ್ತು ವರ್ಷದ ಹಿಂದಿನ ಮಾತು. ಆಗಿನ ಮೇಲ್ವಿಚಾರಕ ಕಾರ್ಡಿನ ಒಂದೊಂದು ತಪ್ಪಿಗೂ ಹುಡುಗಿಯರ ಹೆಸರಿನ ಮುಂದೆ ಕೆಂಪು ಗೆರೆ ಎಳೆಯುತ್ತಿದ್ದ. ವಾರಕ್ಕೆ ಮೂರು ಗೆರೆ ಬಿದ್ದರೆ ಮನೆ. ಏಳು ತಿಂಗಳ ಬಸುರಿಯೊಬ್ಬಳಿಗೆ ಎರಡು ಗೆರೆ ಬಿದ್ದ ದಿನ, ಕಾರ್ಡಮ್ಮ ಯಾರನ್ನೂ ಕೇಳದೆ ಮಾವನ ಪ್ರೋಗ್ರಾಮಿನೊಳಗೆ ನಾಲ್ಕು ಸಾಲು ಸೇರಿಸಿದಳು. ಬಟ್ಟೆಯ ಒಂದೇ ಹೆಸರು ಒಂದೇ ದಿನ ಎರಡನೆಯ ಸಲ ಬಂದರೆ ಮೊದಲನೆಯದನ್ನೂ ಅಳಿಸು, ಎರಡನೆಯದನ್ನೂ ಅಳಿಸು, ಯಾವ ಕಾಗದದಲ್ಲೂ ಅಚ್ಚು ಹಾಕಬೇಡ. ಹುಡುಗಿಯರ ಕಿವಿಯಲ್ಲಿ ಉಸುರಿದ್ದಳು: “ತಪ್ಪಾದ್ರೆ ಅದನ್ನೇ ಇನ್ನೊಂದು ಸಲ ಹೊಡೀರಿ. ಮಾವ ಮರೆತುಬಿಡ್ತಾನೆ.” ಅಂದಿನಿಂದ ಕೆಂಪು ಗೆರೆ ಬೀಳಲಿಲ್ಲ. ಮೇಲ್ವಿಚಾರಕ ತನ್ನ ಶಿಸ್ತಿನ ಫಲವೆಂದು ಬೀಗಿದ, ಬಡ್ತಿಯನ್ನೂ ಪಡೆದ.

ಹೆಣ್ಣುಮಕ್ಕಳನ್ನು ಕಾಯಲೆಂದು ಬರೆದ ಸಾಲು ಈಗ ಒಬ್ಬ ಹೆಣ್ಣುಮಗಳ ಕತ್ತಿಗೆ ಕುಣಿಕೆಯಾಗಿತ್ತು. ಐದು ಸೆಕೆಂಡು ಮೀರಿ ನಿಂತು ಗಾಡಿಯಕ್ಕ ದಾಟಿಸಿದ ಪ್ರತಿ ಹಾಸಿನ ಹೆಸರೂ ಎರಡು ಸಲ ಮೇಲೆ ಹೋಗುತ್ತಿತ್ತು. ಮಾವ ಹಳೆಯ ನಿಷ್ಠೆಯಿಂದ ಎರಡನ್ನೂ ಮರೆಯುತ್ತಿದ್ದ.

ಅವಳು ದುಭಾಷಿಗೆ ಎಲ್ಲವನ್ನೂ ಹೇಳಿದಳು. ಅವನು ತಲೆ ಕೆರೆದುಕೊಂಡ.

“ನಾನು ನಿಂತು ನೋಡಿದ ದಿನ ಆಯಮ್ಮ ರಜೆ ಹಾಕಿದ್ರು ಅನ್ಸುತ್ತೆ ಮೇಡಂ.” ಮತ್ತೆ ದನಿ ತಗ್ಗಿಸಿ, “ಸುಮ್ನೆ ನಾನು ನನ್ನ ಕಡೆ ಸರಿ ಮಾಡಿಬಿಡ್ತೀನಿ. ನಿಮ್ಮ ನಾಲ್ಕು ಸಾಲಿನ ಮಾತು ಯಾರಿಗೂ ಗೊತ್ತಾಗಲ್ಲ.”

“ಆಗ ಮುಂದಿನ ಹಾಸು ಸಿಗುತ್ತೆ. ಹಿಂದಿನ ಸಾವಿರದ ನೂರ ಇಪ್ಪತ್ತು ಅವಳ ತಲೆ ಮೇಲೇ ಉಳಿಯುತ್ತಲ್ಲೋ ಮಾರಾಯ.”

ಶುಕ್ರವಾರ ಹನ್ನೆರಡೂವರೆಗೆ ಕಾರ್ಡಮ್ಮ ಮ್ಯಾನೇಜರನನ್ನು ಬಾಗಿಲ ಬಳಿಗೆ ಕರೆತಂದಳು. ತನ್ನ ಹಳೆಯ ತಪ್ಪನ್ನು ಒಂದಕ್ಷರ ಬಿಡದೆ ಎಲ್ಲರೆದುರು ಒಪ್ಪಿಕೊಂಡಳು. ಅವನು ತುಟಿ ಕೊಂಕಿಸಿದ.

“ಗೆಳತಿಗೋಸ್ಕರ ಕಥೆ ಕಟ್ತಿದೀರಿ.”

“ಕಥೆಯೋ ನಿಜವೋ, ನೀವೇ ತಳ್ಳಿ ನೋಡಿ. ಈ ಗಾಡಿ ನಿಮ್ಮ ಹೆಸರಿಗೆ ಬರೆದಿದೀನಿ. ನಲವತ್ತು ಹಾಸು.”

ಇಸ್ತ್ರಿ ಹಾಲಿನ ಅರವತ್ತೂ ಜನ ಕೆಲಸ ನಿಲ್ಲಿಸಿದರು. ಬೇಡ ಎಂದರೆ ಹೆದರಿದ ಹಾಗೆ. ಮ್ಯಾನೇಜರ್ ತೋಳು ಮಡಚಿ ತಳ್ಳಿದ. ಮುಂದಿನ ಚಕ್ರ ಹತ್ತಿತು. ‘ಕೀಂ’. ಹಿಂದಿನದು ಹತ್ತಲಿಲ್ಲ. ನುಣುಪು ಬೂಟು ಸರ್ರನೆ ಜಾರಿತು. ಕನ್ನಡಕ ಸರಿಮಾಡಿಕೊಂಡ, ಸೊಂಟ ಹಿಡಿದುಕೊಂಡ, ‘ಏನಿದು ಹೊಸಿಲು’ ಎಂದು ಗೊಣಗಿದ.

‘ಕೀಂ.’

“ಸಾರ್, ನಿಮ್ಮ ಮೇಲೂ ಪ್ರೀತಿ ಬಂತು ಅದಕ್ಕೆ!” ಎಂದಿತು ಹಿಂದಿನಿಂದ ಒಂದು ದನಿ.

ಒಂದು ಗಂಟೆಗೆ ಮಾವ ಬಾಯಿ ತೆರೆದ. ಪ್ರಿಂಟರು ಕಟಕಟನೆ ಕಕ್ಕಿತು. ದುಭಾಷಿ ಕಾಗದ ಹಿಡಿದು ಮೆಟ್ಟಿಲಿಳಿದು ಬಂದು ಗಟ್ಟಿಯಾಗಿ ಓದಿದ: ಮ್ಯಾನೇಜರ್, ಒಪ್ಪಿಸಿದ್ದು ನಲವತ್ತು, ಹೊರಗೆ ಹೋದದ್ದು ಸೊನ್ನೆ.

ಗಾಡಿಯಕ್ಕ ಮುಂದೆ ಬಂದಳು. ಬಹಳ ಮರ್ಯಾದೆಯಿಂದ ಕೇಳಿದಳು:

“ನಲವತ್ತು ಹಾಸು ಎಲ್ಲಿ ಬಚ್ಚಿಟ್ರಿ ಸಾರ್? ಹೇಳಿಬಿಡಿ, ಬಡವರ ಮನೆ ಹಾಳು ಮಾಡ್ಬೇಡಿ.”

ಇಡೀ ಇಸ್ತ್ರಿ ಹಾಲ್ ಬಿದ್ದು ಬಿದ್ದು ನಕ್ಕಿತು. ಮ್ಯಾನೇಜರ್ ‘ಆಯಿತು, ಆಯಿತು, ನೋಟಿಸು ವಾಪಸ್, ಕೆಲಸಕ್ಕೆ ಹೋಗಿ’ ಎಂದು ಕೈ ಬೀಸಿದ. ಗಾಡಿಯಕ್ಕ ಕದಲಲಿಲ್ಲ.

“ಬಾಯಲ್ಲಿ ಬೇಡ. ಕಳ್ಳಿ ಅಂತ ಎಲ್ಲಿ ಅಂಟಿಸಿದ್ರೋ ಅಲ್ಲೇ ಅಂಟಿಸಿ. ಅಕ್ಷರ ಅಷ್ಟೇ ದಪ್ಪ ಇರಲಿ.”

ಅವಳು ಕದಲಲಿಲ್ಲವೆಂದು ಇಸ್ತ್ರಿಯೂ ಕದಲಲಿಲ್ಲ. ಅರ್ಧ ಗಂಟೆಯಲ್ಲಿ ಕಾಗದ ಬಂತು. ‘ತಪ್ಪು ತಿಳುವಳಿಕೆ’ ಎಂದು ಬರೆದಿದ್ದರು; ಅವಳು ‘ತಿಳುವಳಿಕೆ’ಯನ್ನು ಹೊಡೆಸಿ ‘ತಪ್ಪು’ ಅಷ್ಟನ್ನೇ ಉಳಿಸಿಕೊಂಡಳು.

ಆ ನಾಲ್ಕು ಸಾಲನ್ನು ಕಿತ್ತುಹಾಕಬೇಕೆಂದು ಮ್ಯಾನೇಜರ್ ಹಟ ಹಿಡಿದ. ಚಿಪ್ಪಿಲ್ಲದ ಬಟ್ಟೆಗಳನ್ನು ಇವತ್ತಿಗೂ ಮೂವರು ಹೆಂಗಸರು ಕೈಯಲ್ಲೇ ದಾಖಲಿಸುತ್ತಿದ್ದರು.

“ಅವರ ಬೆರಳು ತಪ್ಪೋದು ನಿಂತ ದಿನ ಕೀಳ್ತೀನಿ,” ಎಂದಳು ಕಾರ್ಡಮ್ಮ.

ದುಭಾಷಿ ತನ್ನ ಪ್ರೋಗ್ರಾಮನ್ನೇ ತಿದ್ದಿದ. ಈಗ ಒಂದು ಚಿಪ್ಪಿನ ಹೆಸರು ದಿನಕ್ಕೆ ಒಮ್ಮೆ ಬಂದರೆ ಮುಗಿಯಿತು; ಆಮೇಲೆ ಕಮಾನು ಗಂಟಲು ಹರಿದುಕೊಂಡರೂ ಅವನು ಮಾವನಿಗೆ ಚಾಡಿ ಹೇಳುವುದಿಲ್ಲ. ಕಾರ್ಡಮ್ಮನಿಗೆ ಅನುಮತಿಯಿಲ್ಲದೆ ಸಾಲು ಸೇರಿಸಿದ್ದಕ್ಕೆ ಇಪ್ಪತ್ತೊಂಬತ್ತು ವರ್ಷ ತಡವಾಗಿ ಮೆಮೊ ಬಂತು. ಅವಳು ಅದನ್ನು ನಾಲ್ಕಾಗಿ ಮಡಚಿ, ಅಲುಗಾಡುತ್ತಿದ್ದ ಪ್ರಿಂಟರಿನ ಒಂದು ಕಾಲಿಗೆ ಆಸರೆಯಾಗಿ ಕೊಟ್ಟಳು.

ಸೋಮವಾರ ಗಾರೆಯವನು ಬಂದು ಹತ್ತೇ ನಿಮಿಷದಲ್ಲಿ ಹೊಸಿಲಿನ ಪಟ್ಟಿಯನ್ನು ನೆಲಸಮ ಮಾಡಿಹೋದ. ಮ್ಯಾನೇಜರನ ಸೊಂಟ ಇನ್ನೂ ನೋಯುತ್ತಿತ್ತಂತೆ. ಗಾಡಿಯಕ್ಕ ಗಾಡಿ ತಂದಳು. ಚಕ್ರ ನೀರಿನ ಹಾಗೆ ಹರಿಯಿತು. ಆದರೂ ಅವಳು ಕಮಾನಿನ ಕೆಳಗೇ ನಿಂತಳು. ಸೆರಗಿನಿಂದ ಕತ್ತು ಒರೆಸಿಕೊಂಡಳು, ಸ್ಟೂಲಿನ ಮೇಲಿದ್ದ ಕಾರ್ಡಮ್ಮನ ಜೊತೆ ಮೊಣಕಾಲಿನ ಎಣ್ಣೆಯ ವಿಷಯ ತೆಗೆದಳು, ಮೊಮ್ಮಗಳ ತುಂಟಾಟ ಹೇಳಿದಳು. ಹಿಂದೆ ನಾಲ್ಕು ಗಾಡಿಗಳು ಸಾಲುಗಟ್ಟಿದವು.

“ಅಜ್ಜೀ, ದಾರಿ ಬಿಡು!”

“ಇರ್ರೋ,” ಎಂದಳು ಗಾಡಿಯಕ್ಕ, ಗಾಡಿಗೆ ಒರಗಿಕೊಂಡು. “ನಿಂತ್ಕೊಂಡ್ರೆ ಕಳ್ಳತನ ಅಲ್ಲ ಅಂತ ಬೋರ್ಡಲ್ಲಿ ಅಂಟಿಸಿದಾರೆ. ಹೋಗಿ ಓದ್ಕೊಂಡು ಬನ್ನಿ.”